ಬಳೆಯಿಲ್ಲದ ಕೈ

ನನ್ನ ಅಪ್ಪನನ್ನು ಹುಬ್ಬಳ್ಳಿಯ ಹಳೆಯ ಮಂದಿ ಈಗಲೂ ಕೈಮುಗಿದು ನೆನೆಯುತ್ತಾರೆ. ಮುರಿದ ಎಲುಬನ್ನು ಮೊದಲು ಕಣ್ಣಾರೆ ನೋಡಿ ಆಮೇಲೆ ಕೂಡಿಸುತ್ತಿದ್ದ ಡಾಕ್ಟರು. ವಿಧವೆ ತಂಗಿಯ ತಲೆ ಬೋಳಿಸಬೇಕೆಂದು ಬಂದ ಹಿರಿಯರನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದ ಸುಧಾರಕರು. ಎರಡೂ ಖರೆ. ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತಂಗಿಯ ಬಲಗೈ ಏನಾಯಿತು ಎಂದು ಈವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಸಿಟ್ಟು ಇಳಿಯಲಿ, ಆಮೇಲೆ ಬರೆದರಾಯಿತು ಎಂದು ಬಹಳ ವರ್ಷ ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಇನ್ನೂ ಕಾಯುವಷ್ಟು ಆಯುಷ್ಯವೂ ಉಳಿದಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಮಣ್ಣಿನ ಮಾಳಿಗೆಯ ಉದ್ದನೆಯ ಮನೆ. ಓಣಿಯ ಕಡೆಗೆ ಕಟ್ಟೆ, ಕಟ್ಟೆ ಹತ್ತಿ ಒಳಗೆ ಹೋದರೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಕೊನೆಗೆ ಹಿತ್ತಲು ಮತ್ತು ಬಾವಿ. ಈ ಸಾಲಿನಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ರೋಗಿಗಳು ಪಡಸಾಲೆಯವರೆಗೆ. ಅಪ್ಪನ ಧಾರವಾಡದ ಗೆಳೆಯರು, ಅಂದರೆ ವಕೀಲರು, ಮಾಸ್ತರರು, ಹಾಡಿಕೆಯ ಹುಚ್ಚಿನವರು, ನಡುಮನೆಯವರೆಗೆ. ಅವ್ವ ಅಡುಗೆಮನೆಯಿಂದ ನಡುಮನೆಯವರೆಗೆ. ಅತ್ಯಾ ಹಿತ್ತಲಿನಿಂದ ಅಡುಗೆಮನೆಯವರೆಗೆ. ಅತ್ಯಾ ಎಂದರೆ ಅಪ್ಪನ ತಂಗಿ ತುಂಗಾ. ಒಂಬತ್ತಕ್ಕೆ ಮದುವೆಯಾಗಿ ಹನ್ನೊಂದಕ್ಕೆ ಎಲ್ಲ ಮುಗಿಸಿಕೊಂಡು ಅಣ್ಣನ ಮನೆಗೆ ಬಂದವಳು. ಅಪ್ಪ ಅವಳ ಕೂದಲು ಉಳಿಸಿದರು, ಸರಿ. ಆದರೆ ಆ ಕೂದಲಿಗೆ ಹೂವಿರಲಿಲ್ಲ, ಹಣೆಗೆ ಕುಂಕುಮವಿರಲಿಲ್ಲ, ಕೈಗೆ ಬಳೆಯಿರಲಿಲ್ಲ. ಆ ಕೈಯಷ್ಟು ಜಾಣ ಕೈ ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ. ಅವಳು ತಟ್ಟಿದ ಭಕ್ಕರಿ ಹಂಚಿನ ಮೇಲೆ ಪೂರ್ತಿ ಉಬ್ಬುತ್ತಿತ್ತು. ಅವಳು ಹೊಸೆದ ಶಾವಿಗೆಯನ್ನು ಬಂದವರೆಲ್ಲ ಹೊಗಳಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ದಿನಾ ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದದ್ದೂ ಅದೇ ಕೈ. ಹಬ್ಬದ ದಿನ ಮಾತ್ರ ಅವ್ವ ಬಂದು ಬಾಚಣಿಗೆ ಕಸಿದುಕೊಳ್ಳುತ್ತಿದ್ದಳು. ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವ ಹೊತ್ತಿಗೆ ಅತ್ಯಾ ಯಾರೂ ಹೇಳದೆ ಬಾವಿಯ ಕಡೆಗೆ ಹೊರಟುಬಿಡುತ್ತಿದ್ದಳು. ದುಡಿಮೆಗೆ ಬೇಕಾದ ಕೈ ಶುಭಕ್ಕೆ ಬೇಡವಾಗಿತ್ತು.

ನನಗೆ ಏಳೋ ಎಂಟೋ ವರ್ಷ ಇದ್ದಾಗ ಪರವೂರಿನ ಒಂದು ಆಸ್ಪತ್ರೆ ಹಳೆಯದಾಯಿತೆಂದು ತೆಗೆದುಹಾಕಿದ ಎಕ್ಸರೇ ಯಂತ್ರವನ್ನು ಅಪ್ಪ ಮನೆಗೆ ತಂದರು. ಪಡಸಾಲೆಯ ಅರ್ಧಕ್ಕೆ ಕರೀ ಪರದೆ ಬಿಟ್ಟು ಅದನ್ನು ಕೂಡಿಸಿದರು. ಬ್ಯಾಟರಿ, ತಂತಿ ಸುತ್ತಿದ ದೊಡ್ಡ ಕಾಯಿಲು, ಮರದ ಕಾಲಿನ ಮೇಲೆ ಗಾಜಿನ ಕೊಳವೆ. ಕೊಳವೆ ಎಂದರೆ ತೆಂಗಿನಕಾಯಿ ಗಾತ್ರದ ಬುರುಡೆ, ಎರಡೂ ಕಡೆ ಚಾಚಿದ ಗಾಜಿನ ತೋಳು. ಒಳಗಿನ ಗಾಳಿಯನ್ನು ಹೆಚ್ಚುಕಡಿಮೆ ಎಲ್ಲ ಎಳೆದು ತೆಗೆದಿರುತ್ತಾರೆ, ಚೂರು ಮಾತ್ರ ಉಳಿಸಿರುತ್ತಾರೆ. ಒಂದು ತುದಿಯಲ್ಲಿ ಅಲ್ಯುಮಿನಿಯಮ್ಮಿನ ಪುಟ್ಟ ತಟ್ಟೆ. ಅದರ ಎದುರಿಗೆ, ಬುರುಡೆಯ ನಡುವೆ, ಓರೆಯಾಗಿ ಕುಳಿತ ಲೋಹದ ಬಿಲ್ಲೆ. ಕಾಯಿಲಿನ ವಿದ್ಯುತ್ತು ಹರಿದಾಗ ತಟ್ಟೆಯಿಂದ ಕಣ್ಣಿಗೆ ಕಾಣದ ಕಣಗಳು ಹೊರಟು ಬಿಲ್ಲೆಗೆ ಬಡಿಯುತ್ತವೆ. ಅಷ್ಟು ವೇಗದಿಂದ ಬಂದದ್ದು ಒಮ್ಮೆಲೇ ನಿಲ್ಲಬೇಕಾದಾಗ ಎಕ್ಸ್ ಕಿರಣ ಹುಟ್ಟುತ್ತದೆ. ಅದೂ ನೂರರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಬರೀ ಬಿಸಿ, ಬಿಲ್ಲೆ ಕೆಂಪಗೆ ಕಾಯುವಷ್ಟು. ಮುಂದೆ ನಾನು ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಈ ಚಿತ್ರವನ್ನು ಎಷ್ಟು ಸಲ ಹಲಗೆಯ ಮೇಲೆ ಬರೆದೆನೋ! ತಟ್ಟೆ, ಬಿಲ್ಲೆ, ಬಾಣದ ಗುರುತು. ಕಿರಣ ಹೋಗಿ ಮುಟ್ಟುವ ಕಡೆ ಒಂದು ಕೈ ಬರೆಯಿರಿ ಎಂದು ಪಠ್ಯದಲ್ಲಿತ್ತು. ನಾನು ಪ್ರತಿವರ್ಷ ಕಾಲು ಬರೆದೆ.

ಆ ಹಳೆಯ ಕೊಳವೆಗೆ ಒಂದು ಕೆಟ್ಟ ಗುಣವಿತ್ತು. ಬಳಸುತ್ತ ಹೋದಂತೆ ಒಳಗೆ ಉಳಿದ ಆ ಚೂರು ಗಾಳಿಯನ್ನೂ ಗಾಜು ನುಂಗಿಬಿಡುತ್ತಿತ್ತು. ಆಗ ಕಿರಣ ಬಿರುಸಾಗಿ ಮಾಂಸ, ಎಲುಬು ಎರಡನ್ನೂ ಒಂದೇ ಸಮ ಹಾದುಹೋಗಿ ಚಿತ್ರವೆಲ್ಲ ಪೇಲವವಾಗುತ್ತಿತ್ತು. ಕೊಳವೆಗೆ ಪಕ್ಕದಲ್ಲೊಂದು ಸಣ್ಣ ಬಾಲವಿತ್ತು. ಸ್ಪಿರಿಟ್ ದೀಪದಿಂದ ಅದನ್ನು ಕಾಯಿಸಿದರೆ ಚೂರು ಅನಿಲ ಒಳಗೆ ಸೇರಿ ಕಿರಣ ಮತ್ತೆ ಮೆತ್ತಗಾಗುತ್ತಿತ್ತು. ಎಷ್ಟು ಕಾಯಿಸಬೇಕೆಂದು ತಿಳಿಯಲು ಆಗಿನ ಡಾಕ್ಟರುಗಳಿಗೆ ಇದ್ದದ್ದು ಒಂದೇ ದಾರಿ. ಕೊಳವೆಗೂ, ಕಿರಣ ಬಿದ್ದರೆ ಹೊಳೆಯುವ ಕೈಪರದೆಗೂ ನಡುವೆ ಒಂದು ಜೀವಂತ ಕೈ ಹಿಡಿಯಬೇಕು, ಎಲುಬು ಎಷ್ಟು ಕಪ್ಪಗೆ ಕಾಣುತ್ತದೆಂದು ನೋಡಬೇಕು. ಮೊದಲ ಒಂದೆರಡು ದಿನ ಅಪ್ಪ ತಮ್ಮ ಕೈಯನ್ನೇ ಹಿಡಿದರು. ಒಂದು ಕೈಯಲ್ಲಿ ಪರದೆ, ಇನ್ನೊಂದರಲ್ಲಿ ದೀಪ ಆದರೆ ಮೂರನೆಯದಕ್ಕೆ ಎಲ್ಲಿ ಹೋಗುವುದು? ನನ್ನ ಕೈ ಹಿಡಿಸಿ ನೋಡಿ, ಹುಡುಗರ ಎಲುಬು ಇನ್ನೂ ಎಳೆಯದು, ಉಪಯೋಗಕ್ಕಿಲ್ಲ ಅಂದರು. ಅವ್ವನ ಕೈತುಂಬ ಹಸಿರು ಬಳೆ, ಎರಡು ಬಂಗಾರದ ಪಾಟಲಿ. ಮುತ್ತೈದೆಯ ಬಳೆ ತೆಗೆಸುವ ಮಾತನ್ನು ಯಾರೂ ಆಡುವಂತಿರಲಿಲ್ಲ. ಅಪ್ಪ ನನ್ನನ್ನು ಅಡುಗೆಮನೆಗೆ ಅಟ್ಟಿದರು. ಹಿಟ್ಟಿನ ಕೈ ತೊಳೆದುಕೊಂಡು ಅತ್ಯಾ ಬಂದಳು, ಪಡಸಾಲೆಯ ಬಾಗಿಲಲ್ಲೇ ನಿಂತಳು.

"ಬಾ ತುಂಗಾ, ಇಲ್ಲೆ ಬಾ. ಇದರ ನಡುವ ಕೈ ಹಿಡಿ."

"ನಾನ? ಪಡಸಾಲ್ಯಾಗ?"

"ಹೂಂ, ನೀನ. ನಿನ್ನ ಕೈಯಾಗ ಉಂಗುರಿಲ್ಲ, ಬಳಿ ಇಲ್ಲ. ಎಲ್ಲಾ ಎಲುಬು ಖುಲ್ಲಾ ಕಾಣ್ತಾವ. ಹಿಂಥಾ ಕೈ ಬೇಕಾಗಿತ್ತು ನನಗ."

ಕಾಯಿಲು ಗುಂಯ್‌ಗುಟ್ಟಿತು, ಗಾಜಿನ ಬುರುಡೆ ಹಸಿರಾಗಿ ಬೆಳಗಿತು. ಅತ್ಯಾ ಕತ್ತು ಚಾಚಿ ಪರದೆಯನ್ನು ನೋಡಿದಳು.

"ಅಣ್ಣಾ, ಇದು ನಂದ ಕೈ ಏನು? ಮೂರನೇ ದಿನ ಬೂದ್ಯಾಗಿಂದ ಆರಿಸಿ ತಂದಂಗ ಕಾಣ್ತದಲ್ಲೋ!"

ಅಪ್ಪ ಬಿದ್ದು ಬಿದ್ದು ನಕ್ಕರು. ಈ ಮಾತನ್ನು ಅವರು ಗೆಳೆಯರಿಗೆಲ್ಲ ವರ್ಷಗಟ್ಟಲೆ ಹೇಳಿ ನಗಿಸಿದರು.

ಅಂದಿನಿಂದ ಅದು ನಮ್ಮ ಮನೆಯ ವ್ರತವಾಯಿತು. ಅಪ್ಪನ ಸ್ನಾನ, ಸಂಧ್ಯಾವಂದನೆ, ಚಹಾ, ಆಮೇಲೆ ಅತ್ಯಾನ ಕೈ. ಮೊದಲನೇ ರೋಗಿ ಬರುವ ಮುಂಚೆ ಒಂದು ಸಲ. ಹತ್ತಿ ಜಿನ್ನಿನ ಕೆಲಸಗಾರರೋ, ರಾಯಾಪುರದ ಕಡೆಯಿಂದ ಚಕ್ಕಡಿಯಲ್ಲಿ ಮಲಗಿಸಿ ತಂದವರೋ ಹೆಚ್ಚಾದ ದಿನ ನಡುನಡುವೆ ಮೂರು ನಾಲ್ಕು ಸಲ. ಧಾರವಾಡದ ಗೆಳೆಯರು ಬಂದರಂತೂ ಮುಗಿದೇ ಹೋಯಿತು. ಅತ್ಯಾ ಬೆರಳು ಅಗಲಿಸಬೇಕು, ಮಡಚಬೇಕು, ಮುಷ್ಟಿ ಕಟ್ಟಬೇಕು. ಅವರೆಲ್ಲ ವಾಹ್ವಾ ಅನ್ನುತ್ತಿದ್ದರು, ಥೇಟ್ ಹಾಡಿಕೆಗೆ ಅಂದ ಹಾಗೆ. ವಿಧವೆಯನ್ನು ಬೆಳಕಿಗೆ ತಂದಿರಿ ಎಂದು ಒಬ್ಬ ವಕೀಲರು ಅಪ್ಪನ ಬೆನ್ನು ತಟ್ಟಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಖಂಡೆನವಮಿಯ ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚುವವಳು ಮಾತ್ರ ಅವ್ವ. ಆಗ ಅತ್ಯಾ ಅದೇ ಬಾವಿಕಟ್ಟೆಯಲ್ಲಿ.

ಎಲ್ಲಕ್ಕಿಂತ ನನ್ನನ್ನು ಸುಡುವುದು ಬೇರೆಯೇ ಇದೆ. ಅತ್ಯಾಗೆ ಅದು ಸಂತೋಷದ ಕೆಲಸವಾಗಿತ್ತು. ಬೆಳಗಾದರೆ ಎದುರಿಗೆ ಬರಬಾರದೆಂದು ಎಲ್ಲರೂ ಬಯಸುತ್ತಿದ್ದ ಹೆಂಗಸು ಅವಳು; ಅವಳ ಕೈಯಿಲ್ಲದೆ ಈಗ ಮನೆಯ ದಿನ ಶುರುವಾಗುತ್ತಿರಲಿಲ್ಲ. ಅಪ್ಪನ ಚಹಾ ಮುಗಿಯುವ ಹೊತ್ತಿಗೆ ಸೀಗೆಪುಡಿ ಹಚ್ಚಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕರೆ ಬರುವುದನ್ನೇ ಕಾಯುತ್ತಿದ್ದಳು. ಕರೆ ಹೊತ್ತು ಒಯ್ಯುತ್ತಿದ್ದವಳು ನಾನು. "ಅತ್ಯಾ, ಅಪ್ಪಾ ಕರೀಲಿಕ್ಕತ್ತಾರ" ಎಂದು ಎಷ್ಟು ಸಾವಿರ ಸಲ ಅಂದಿದ್ದೇನೋ. ಅವ್ವನಿಗೆ ಇದರ ಬಗ್ಗೆ ಹೊಟ್ಟೆಕಿಚ್ಚಿತ್ತು. ನನ್ನ ಕೈಯಾಗೇನು ಎಲುಬಿಲ್ಲೇನು ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

ಎರಡು ಮೂರು ವರ್ಷಕ್ಕೆ ಅತ್ಯಾನ ಬೆರಳಿನ ಹಿಂಭಾಗ ಕಂದಿತು. ಉಗುರಿನಲ್ಲಿ ಗೆರೆ ಬಿದ್ದು ಅವು ಒಣಗಿದ ಸಿಪ್ಪೆಯ ಹಾಗೆ ಎದ್ದವು. ಚರ್ಮ ಬಿಗಿದು ಅಲ್ಲಲ್ಲಿ ಸೀಳಿತು. ಉಪ್ಪು, ಖಾರ ಮುಟ್ಟಿದಾಗ ಅವಳು ಹಲ್ಲು ಕಚ್ಚುತ್ತಿದ್ದಳು. ಕೇಳಿದರೆ, ಹಂಚಿನ ಝಳ ಬಡಿದದ ಅನ್ನುತ್ತಿದ್ದಳು. ಅಪ್ಪ ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದರು. ಊರ ಎಲುಬಿನೊಳಗೆಲ್ಲ ಇಣುಕಿ ನೋಡುವ ಡಾಕ್ಟರಿಗೆ ತಂಗಿಯ ಚರ್ಮ ಕಾಣಲಿಲ್ಲ.

ನಾನು ಇಂಗ್ಲಿಷ್ ಶಾಲೆಗೆ ಹೋಗುವ ಹೊತ್ತಿಗೆ ಊರಲ್ಲಿ ಕರೆಂಟು ಬಂದಿತ್ತು. ಹಳೆಯ ಕೊಳವೆ ಸೀಳಿ ಹೋಗಿ ಅಪ್ಪ ಹೊಸದನ್ನು ತರಿಸಿದರು. ಇದರ ರಚನೆಯೇ ಬೇರೆ. ಒಳಗೆ ಗಾಳಿಯ ಲವಲೇಶವೂ ಇಲ್ಲ. ತಟ್ಟೆಯ ಜಾಗದಲ್ಲಿ ದೀಪದ ಬಲ್ಬಿನಲ್ಲಿರುವಂಥ ತಂತಿಸುರುಳಿ. ಅದು ಕಾದರೆ ಕಣಗಳು ತಾವಾಗಿ ಹೊರಬೀಳುತ್ತವೆ, ಎಷ್ಟು ಕಾಯಿಸುತ್ತೇವೋ ಅಷ್ಟು. ಎದುರಿಗೆ ದಪ್ಪ ತಾಮ್ರದ ದಿಂಡು, ಅದರ ಮುಖಕ್ಕೆ ಕೂಡಿಸಿದ ಟಂಗ್‌ಸ್ಟನ್ ಬಿಲ್ಲೆ. ಟಂಗ್‌ಸ್ಟನ್ ಅಷ್ಟು ಬಿಸಿಗೂ ಕರಗುವುದಿಲ್ಲ, ತಾಮ್ರ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬಿರುಸು, ಮೆತ್ತಗೆ ಎಂಬ ತಾಪತ್ರಯವೇ ಇಲ್ಲ. ಮೀಟರಿನ ಮುಳ್ಳು ನೋಡಿ ತಿರುಪು ತಿರುಗಿಸಿದರೆ ಸಾಕು. ಅದನ್ನು ಕೂಡಿಸಲು ಬಂದವರು ದಸ್ತಗೀರಸಾಬ. ಎಂಜಿನ್, ಗ್ರಾಮಾಫೋನು ಏನೇ ಕೆಟ್ಟರೂ ಊರೆಲ್ಲ ಅವರ ಅಂಗಡಿಗೇ ಹೋಗುತ್ತಿತ್ತು. ಕೆಲಸ ಮುಗಿದ ಮೇಲೆ ಅಪ್ಪ ಅಭ್ಯಾಸದಂತೆ ನನ್ನ ಕಡೆ ನೋಡಿದರು, ನಾನು ಅತ್ಯಾನನ್ನು ಕರೆತಂದೆ. ಸಾಬರು ಅವಳ ಕೈ ನೋಡಿ, ತಮ್ಮ ಟೊಪ್ಪಿಗೆ ಸರಿಮಾಡಿಕೊಂಡರು.

"ಇದಕ್ಕ ಕೈ ಹಿಡಿಯೋದು ಬ್ಯಾಡ್ರಿ ಡಾಕ್ಟರಸಾಬ್. ಮುಳ್ಳು ನೋಡಿದ್ರ ಆತು."

"ಮುಳ್ಳು ಇರ್ಲಿ. ನನಗ ಒಮ್ಮೆ ಕಣ್ಣಲೆ ನೋಡಿದ್ರನ ಸಮಾಧಾನ."

"ಅಕ್ಕಾರ ಕೈ ಕರ್ರಗ ಆಗಾಕತ್ತೈತ್ರಿ."

"ಅದು ಒಲಿ ಝಳ ದಸ್ತಗೀರಸಾಬ. ನಿಮ್ಮ ಕೆಲಸ ಮುಗೀತಲ್ಲ?"

ಸಾಬರು ತಮ್ಮ ಹತಾರ ಎತ್ತಿಕೊಂಡರು. ಹೊರಗೆ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೈ ಒರೆಸಿಕೊಂಡರು.

ಕೊಳವೆಯ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯಿತ್ತು. ಮರುದಿನ ಅಪ್ಪ ಆರಾಮಕುರ್ಚಿಯಲ್ಲಿ ಕುಳಿತು, ನನ್ನ ಇಂಗ್ಲಿಷ್ ಸುಧಾರಿಸಲೆಂದು, ಅದನ್ನು ಗಟ್ಟಿಯಾಗಿ ಓದಿಸಿದರು. ಕೊಳವೆ ಹೇಗೆ ತೊಳೆಯಬೇಕು, ಎಷ್ಟು ಹೊತ್ತು ತಣಿಯಲು ಬಿಡಬೇಕು ಎಂದೆಲ್ಲ ಇತ್ತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಎರಡು ಸಾಲು. ಕಿರಣದ ಬಲ ನೋಡಲು ಯಾರೂ ಕೈ ಅಡ್ಡ ಹಿಡಿಯಬಾರದು; ಪದೇ ಪದೇ ಹಿಡಿದರೆ ಚರ್ಮ ಬೆಂದು ಮಾಯದ ಹುಣ್ಣಾಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾದೀತು. ನಾನು ತಡವರಿಸುತ್ತ ಓದಿದೆ.

"ನಿಂದ್ರು, ನಿಂದ್ರು. ನುಂಗಿ ಓದಬ್ಯಾಡ ವಿಮಲಾ. ಒಂದೊಂದು ಶಬ್ದ ಬಿಡಿಸಿ, ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ, ಬಿಡಿಸಿ, ಗಟ್ಟಿಯಾಗಿ.

"ಹಾಂ, ಈಗ ಬರೋಬ್ಬರಿ ಆತು."

ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಮರುದಿನ ಬೆಳಿಗ್ಗೆ ಚಹಾ ಮುಗಿಸಿ ನನ್ನ ಕಡೆ ನೋಡಿದರು. ಆ ಎರಡು ಸಾಲಿನ ಅರ್ಥ ನನಗೆ ಆಗಿತ್ತು. ಆಗಿರಲಿಲ್ಲ ಎಂದು ಸುಳ್ಳು ಬರೆಯಲಾರೆ. ಅಪ್ಪನೇ ಕೇಳಿದ ಮೇಲೆ, ಕೇಳಿಯೂ ಕರೆಯುತ್ತಿದ್ದ ಮೇಲೆ, ಅದರಲ್ಲಿ ಹೆದರುವಂಥದ್ದೇನೂ ಇರಲಿಕ್ಕಿಲ್ಲ ಅಂದುಕೊಂಡೆ. ಹದಿಮೂರು ವರ್ಷದ ಹುಡುಗಿಗೆ ಅಪ್ಪನ ಮೇಲೆ ಇದ್ದ ನಂಬಿಕೆ ಅಂಥದ್ದು. ಎದ್ದು ಹೋಗಿ ಅತ್ಯಾನನ್ನು ಕರೆದೆ. ಅಪ್ಪ ಯಾಕೆ ನಿಲ್ಲಿಸಲಿಲ್ಲ ಎಂಬುದನ್ನು ಆಮೇಲೆ ಬಹಳ ಯೋಚಿಸಿದ್ದೇನೆ. ಗೆಳೆಯರ ಎದುರಿನ ಆ ವಾಹ್ವಾ ಬಿಡಲು ಮನಸ್ಸಾಗಲಿಲ್ಲ, ಅದೊಂದು. ನಿಲ್ಲಿಸಿದರೆ ಹಿಂದಿನ ಅಷ್ಟೂ ವರ್ಷ ಮಾಡಿದ್ದು ತಪ್ಪೆಂದು ಒಪ್ಪಿಕೊಂಡಂತಾಗುತ್ತಿತ್ತು, ಅದು ಇನ್ನೊಂದು. ಒಪ್ಪಿಕೊಳ್ಳುವುದಕ್ಕಿಂತ ಮುಂದುವರಿಸುವುದು ಅವರಿಗೆ ಸುಲಭವಾಯಿತು.

ಎರಡು ವರ್ಷದಲ್ಲಿ ತೋರುಬೆರಳ ಮೇಲೆ ಎದ್ದ ಗಂಟು ಒಡೆದು ಹುಣ್ಣಾಯಿತು. ಯಾವ ಮುಲಾಮಿಗೂ ಬಗ್ಗಲಿಲ್ಲ. ನೋವಿಗೆ ಅತ್ಯಾ ನಿದ್ದೆ ಬಿಟ್ಟಳು. ನಂಜು ಎಂದು ಹೇಳಿ ಅಪ್ಪ ಅವಳನ್ನು ಅಡುಗೆಮನೆಯಿಂದ ಹೊರಗಿಟ್ಟರು. ಭಕ್ಕರಿ ತಟ್ಟುವ ಸಪ್ಪಳ ನಿಂತುಹೋಯಿತು. ಅವಳಿಗೆ ಉಳಿದದ್ದು ಹಿತ್ತಲಿನ ಮೂಲೆ, ಹಳೆಯ ಪಂಚೆಯ ಪಟ್ಟಿ ಸುತ್ತಿದ ಕೈ. ಒಂದು ಬೆಳಿಗ್ಗೆ ಅಪ್ಪ ಮತ್ತೆ ನನ್ನನ್ನು ಕರೆದರು. ಬಲಗೈ ಆಗದಿದ್ದರೆ ಎಡಗೈ ಹಿಡಿಯಲಿ, ಎಲುಬು ಯಾವ ಕೈಯದಾದರೇನು ಅಂದರು. ನಾನು ಹಿತ್ತಲಿಗೆ ಹೋಗಲಿಲ್ಲ. ನೇರ ಅಡುಗೆಮನೆಗೆ ಹೋಗಿ ಅವ್ವನ ಮುಂದೆ ನಿಂತು ಆ ಎರಡು ಸಾಲನ್ನು ಕನ್ನಡದಲ್ಲಿ ಹೇಳಿದೆ.

"ಯಾವಾಗ ಓದಿದಿ ಇದನ್ನ?"

"ಹೊಸಾ ಟ್ಯೂಬ್ ಬಂದಾಗ. ಅಪ್ಪಾನ ಓದಿಸಿದ್ರು. ಎರಡೆರಡು ಸಲ."

"ಎರಡು ವರ್ಷ ಬಾಯಾಗ ಏನ್ ಇಟಗೊಂಡಿದ್ದೆವಾ ನೀನು?"

ಅವ್ವ ಒಲೆಯ ಕಟ್ಟಿಗೆ ಹೊರಗೆ ಎಳೆದು ಎದ್ದಳು. ಅವಳು ರೋಗಿಗಳಿರುವ ಹೊತ್ತಿನಲ್ಲಿ ಪಡಸಾಲೆಗೆ ಕಾಲಿಟ್ಟವಳಲ್ಲ. ಅಂದು ತಲೆಯ ಸೆರಗು ಜಾರಿದ್ದನ್ನೂ ನೋಡದೆ ಕರೀ ಪರದೆ ಸರಿಸಿ ಒಳಗೆ ನುಗ್ಗಿದಳು. ಅಪ್ಪ ಆಗಲೇ ಸ್ವಿಚ್ಚು ಒತ್ತಿದ್ದರು, ಅವರ ಕೈಯಲ್ಲಿನ ಪರದೆ ಹೊಳೆಯುತ್ತಿತ್ತು. ಅಪ್ಪನ ಮಾತು ಕೇಳಿ ಅತ್ಯಾ ತಾನಾಗಿಯೇ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು, ಎಡಗೈ ತೊಳೆದುಕೊಂಡು. ಅವ್ವ ಎರಡೂ ಕೈಯ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಂಡಳು.

"ತುಂಗಾನ ಕೈ ಸಾಕು. ಇವತ್ತ ನಂದು ನೋಡ್ರಿ."

ಹೇಳಿದವಳೇ ಬಲಗೈಯನ್ನು ಕೊಳವೆಯ ಕಡೆ ಚಾಚಿದಳು. ಅಪ್ಪ ಕುರ್ಚಿ ಕೆಡವಿಕೊಂಡು ಎದ್ದರು. ಪರದೆಯನ್ನು ಕೈಬಿಟ್ಟು, ಅವ್ವನ ತೋಳು ಹಿಡಿದು ಜಗ್ಗಿ, ಸ್ವಿಚ್ಚು ಆರಿಸಿದರು. ಅವರ ಮುಖ ಬಿಳಚಿಕೊಂಡಿತ್ತು.

"ಹುಚ್ಚು ಹಿಡದದೇನು ನಿನಗ? ಕೈ ತಗಿ! ಕೈ ತಗಿ ಅಂದ್ರ!"

ಅಷ್ಟು ಹೆದರಿದ ಅಪ್ಪನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಾಗಿಲ ಕಡೆಯಿಂದ ಅತ್ಯಾನ ದನಿ ಬಂತು, ಎಂದಿನಂತೆ ಮೆತ್ತಗೆ.

"ವೈನಿ ಕೈ ಯಾಕ ಬ್ಯಾಡ ಅಣ್ಣಾ?"

"ಅದು... ಬಳಿ ಅದಾವಲ್ಲ, ಕಾಣೂದಿಲ್ಲ..."

"ಬಳಿ ಮೊಣಕೈ ತನಕಾ ಏರಿಸ್ಯಾರಲ್ಲ. ಬೆರಳು ಖುಲ್ಲಾ ಅದಾವ."

ಅಪ್ಪ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು.

"ಹೊರಗ ಪೇಶಂಟ್ ಕುಂತಾರ. ಆಮ್ಯಾಲ ಮಾತಾಡೋಣು."

ಆಮೇಲೆ ಎಂಬುದು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಆ ತಿಂಗಳೇ ಪರವೂರಿನ ಆಸ್ಪತ್ರೆಯಲ್ಲಿ ಅತ್ಯಾನ ಬಲಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿದರು. ಅಪ್ಪನೇ ಜೊತೆಗಿದ್ದು ಕರೆದುಕೊಂಡು ಬಂದರು. ವಿಧವೆ ತಂಗಿಗಾಗಿ ಎಷ್ಟು ಕಷ್ಟಪಟ್ಟರು ನೋಡಿ ಎಂದು ಗೆಳೆಯರು ಮರುಗಿದರು. ಗಾಯ ಮಾಯ್ದು ಒಂದಿಷ್ಟು ದಿನವಾದ ಮೇಲೆ ಒಂದು ಮಧ್ಯಾಹ್ನ, ಅಪ್ಪ ಎಲೆಯ ಮುಂದೆ ಕುಳಿತಿದ್ದಾಗ, ಅತ್ಯಾ ಮಡಿಸೀರೆ ಉಟ್ಟು ಅನ್ನದ ಪಾತ್ರೆಯನ್ನು ಮೊಂಡು ತೋಳಿಗೂ ಸೊಂಟಕ್ಕೂ ಆನಿಸಿ ಹಿಡಿದು ನಡುಮನೆಗೆ ಬಂದಳು. ಅವ್ವ ಓಡಿಬಂದು ಸೌಟಿಗೆ ಕೈ ಹಾಕಿದಳು.

"ನೀ ಕೂಡು ತುಂಗಾ, ನಾ ಬಡಸ್ತೇನಿ."

"ಬ್ಯಾಡ ವೈನಿ. ಅಣ್ಣಗ ನಾನ ಬಡಸ್ತೇನಿ."

ಎಡಗೈಯಿಂದ ಬಡಿಸಿದ ಅನ್ನವನ್ನು ನಮ್ಮವರು ಉಣ್ಣುವುದಿಲ್ಲ. ಹಾಗೆ ಬಡಿಸುವುದು ಎದುರಿಗೆ ಕುಳಿತವರಿಗೆ ಮಾಡುವ ಅವಮಾನ. ಮಕ್ಕಳು ಮರೆತು ಹಾಗೆ ಮಾಡಿದರೆ ಕೈಗೆ ಪೆಟ್ಟು ಬೀಳುತ್ತಿತ್ತು. ಅತ್ಯಾ ಬಗ್ಗಿ, ಎಡಗೈಯಿಂದ, ಅಪ್ಪನ ಎಲೆಗೆ ಅನ್ನ ಹಾಕಿದಳು, ಸಾರು ಹಾಕಿದಳು, ತುಪ್ಪ ಹಾಕಿದಳು. ಸುಧಾರಕರು ಎಲೆಯಿಂದ ತಲೆ ಎತ್ತಲಿಲ್ಲ. ಇನ್ನಷ್ಟು ಹಾಕಲೇ ಅಣ್ಣಾ ಎಂದು ಅವಳು ಕೇಳಿದಳು, ಅವರು ಹೂಂ ಅಂದರು. ಅವಳು ಸಾಯುವವರೆಗೆ ಒಂದು ದಿನವೂ ಬಡಿಸುವುದನ್ನು ತಪ್ಪಿಸಲಿಲ್ಲ. ಅವರೂ ಒಂದು ದಿನವೂ ಎಲೆ ಬಿಟ್ಟು ಏಳಲಿಲ್ಲ.